ಶಾಂತಿಯ ಮಾತಿಗೆ ಬಹುಮಾನ ಯಾಕೆ?

ಓದುಗರ ಪತ್ರ: ನನ್ನ ಮಗಳು ಅಮೆರಿಕದ ಒಂದು ಮೆನೊನೈಟ್ (ಯುದ್ಧ ಬೇಡ ಎನ್ನುವ ಕ್ರೈಸ್ತ ಪಂಗಡ) ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಸಿ. ಹೆನ್ರಿ ಸ್ಮಿತ್ ಶಾಂತಿ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆ. ಶಾಂತಿಯ ಬಗ್ಗೆ ಮಾತಾಡಿ ಒಬ್ಬರನ್ನೊಬ್ಬರು ಸೋಲಿಸುವುದು ವಿಚಿತ್ರ ಅಲ್ವಾ? ಮಾತಿನಿಂದ ಏನು ಬದಲಾಗುತ್ತದೆ? ಅಡಿಕೆ ತೋಟದ ಪಾಲಿನ ಜಗಳದಿಂದ ನಾವು ಮೂರು ವರ್ಷದಿಂದ ಅವಳ ಚಿಕ್ಕಪ್ಪನ ಮನೆಯ ಹೊಸ್ತಿಲು ತುಳಿದಿಲ್ಲ. ಭಾಷಣದ ಕೊನೆಗೆ ಆ ಜಗಳವನ್ನೂ ಬರೆದಿದ್ದಾಳೆ. ಅದನ್ನು ತೆಗೆ ಎಂದಿದ್ದೇನೆ.
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರದ ಜೊತೆ ಮಗಳ ಭಾಷಣವನ್ನೂ ಕಳಿಸಿದ್ದು ಒಳ್ಳೆಯದಾಯಿತು. ಎರಡು ಸಲ ಓದಿದೆ.

ಸ್ಮಿತ್ ಅವರು ಮೆನೊನೈಟರ ಚರಿತ್ರೆ ಬರೆದ ಮೇಷ್ಟ್ರು. ಗೋಶೆನ್ ಮತ್ತು ಬ್ಲಫ್ಟನ್ ಕಾಲೇಜುಗಳಲ್ಲಿ ಪಾಠ ಮಾಡಿದರು. 1948ರಲ್ಲಿ ತೀರಿಕೊಂಡರು. ಅವರ ಹೆಸರಿನ ಟ್ರಸ್ಟ್ 1974ರಲ್ಲಿ ಈ ಸ್ಪರ್ಧೆ ಶುರು ಮಾಡಿತು. ಅಮೆರಿಕ ಮತ್ತು ಕೆನಡಾದ ಮೆನೊನೈಟ್ ಮತ್ತು ಅವರಿಗೆ ಹತ್ತಿರದ ಸಭೆಗಳ (ಚರ್ಚುಗಳ) ಕಾಲೇಜು ಮಕ್ಕಳು ಭಾಗವಹಿಸುತ್ತಾರೆ. ಇಂದಿನ ಒಂದು ಸಮಸ್ಯೆಯನ್ನು ಹಿಡಿದು, ಕ್ರಿಸ್ತನ ಶಿಷ್ಯರಾಗಿ ಅದರಲ್ಲಿ ಶಾಂತಿಗೆ ದಾರಿ ಯಾವುದು ಎಂದು ಹೇಳಬೇಕು.

ಸೋಲು ಗೆಲುವಿನ ಮಾತಿಗೆ ಬರುತ್ತೇನೆ. ಬಹುಮಾನ ಇಲ್ಲದೆಯೂ ಈ ಕೆಲಸ ನಡೆದರೆ ನನಗೂ ಸಂತೋಷವೇ. ಆದರೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತಾನು ನಂಬುವುದನ್ನು ತನ್ನದೇ ಮಾತಿನಲ್ಲಿ, ನಾಲ್ಕು ಜನರ ಮುಂದೆ ನಿಂತು ಹೇಳುವ ಅವಕಾಶ ಬೇರೆಲ್ಲಿ ಸಿಗುತ್ತದೆ? ನಮ್ಮ ಸಭೆಗಳಲ್ಲಿ ಮಕ್ಕಳಿಗೆ ಬೈಬಲ್ ವಾಕ್ಯ ಬಾಯಿಪಾಠ ಮಾಡಿಸುತ್ತೇವೆ. ಅದು ಬೇಕು. ಆದರೆ ಅದರ ಅರ್ಥ ನಿನಗೇನು ಎಂದು ಕೇಳುವುದು ಕಡಿಮೆ.

ಇನ್ನು ಮಾತಿನಿಂದ ಏನಾಗುತ್ತದೆ ಎನ್ನುವುದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 12,000 ಯುವಕರು ನಾವು ಬಂದೂಕು ಹಿಡಿಯುವುದಿಲ್ಲ ಎಂದು ಹೇಳಿ, ಸೈನ್ಯದ ಬದಲು ಬೇರೆ ಸೇವೆಗೆ ಹೋದರು. ಅವರಲ್ಲಿ ಮೆನೊನೈಟರು ಬಹಳ ಮಂದಿ. ಸಂಬಳ ಇಲ್ಲ. ಕಾಡಿನ ಬೆಂಕಿ ಆರಿಸಿದರು, ಮಾನಸಿಕ ಆಸ್ಪತ್ರೆಗಳಲ್ಲಿ ದುಡಿದರು. ಹೊರಗೆ ಹೇಡಿಗಳು ಎಂದು ಬೈಸಿಕೊಂಡರು. ಆ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಬೆತ್ತಲೆ ಕೂಡಿಹಾಕುವುದು, ಹೊಡೆಯುವುದು ನಡೆಯುತ್ತಿತ್ತು. ಈ ಹುಡುಗರು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟರು. 1946ರಲ್ಲಿ ಅದು ಪತ್ರಿಕೆಯಲ್ಲಿ ಬಂದು ದೇಶವೇ ತಲೆ ತಗ್ಗಿಸಿತು. ಆಸ್ಪತ್ರೆಗಳ ಸುಧಾರಣೆಗೆ ಒತ್ತಡ ಬಿತ್ತು. ಬರೀ ಮಾತೇ ಅಲ್ವಾ ಅದು?

ಮೆನೊನೈಟರ ಹಿರಿಯರ ಒಂದು ಕಥೆ ನನ್ನನ್ನು ಬಿಡುವುದೇ ಇಲ್ಲ. 1569, ಹಾಲೆಂಡ್. ಡಿರ್ಕ್ ವಿಲ್ಲೆಮ್ಸ್ ಎಂಬಾತ ನಂಬಿಕೆಗಾಗಿ ಸೆರೆಯಲ್ಲಿದ್ದು ತಪ್ಪಿಸಿಕೊಂಡ. ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಬೆನ್ನಟ್ಟಿದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ಹಿಂದಿರುಗಿ ಬಂದು ಅವನನ್ನು ಮೇಲೆತ್ತಿದ. ಮತ್ತೆ ಸಿಕ್ಕಿಬಿದ್ದ. ಅವನನ್ನು ಸುಟ್ಟರು.

ಈಗ ನಿಮ್ಮ ಮಗಳ ಭಾಷಣ. ಮೊದಲ ಎರಡು ಪುಟದಲ್ಲಿ ವಿಶ್ವಸಂಸ್ಥೆ, ಅಣುಬಾಂಬು, ಎಲ್ಲ ಇದೆ. ಅದು ಯಾರು ಬೇಕಾದರೂ ಬರೆಯಬಹುದು. ಕೊನೆಯ ಅರ್ಧ ಪುಟ ಅವಳಲ್ಲದೆ ಬೇರೆಯವರು ಬರೆಯಲಾರರು. ಕ್ರಿಸ್‌ಮಸ್ ದಿನ ಚಿಕ್ಕಪ್ಪನ ಮನೆಯ ದೀಪ ನಿಮ್ಮ ಅಂಗಳದಿಂದ ಕಾಣುತ್ತಿತ್ತು, ಆದರೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ತಟ್ಟೆ ಹಿಡಿದು ಯಾರೂ ಆ ಕಡೆ ಹೋಗಲಿಲ್ಲ ಎಂದು ಬರೆದಿದ್ದಾಳೆ. ಓದುವಾಗ ಗಂಟಲು ಕಟ್ಟಿತು.

ನಮ್ಮ ಕನ್ನಡ ಬೈಬಲ್ಲಿನಲ್ಲಿ ‘ಸಮಾಧಾನಪಡಿಸುವವರು ಧನ್ಯರು’ ಎಂದಿದೆ. ಸುಮ್ನೆ ಇರುವವರು ಧನ್ಯರು ಎಂದಿಲ್ಲ. ಸಮಾಧಾನಪಡಿಸುವುದು ಎಂದರೆ ಎದ್ದು ಹೋಗಿ, ಬಾಗಿಲು ತಟ್ಟಿ, ಮಾತು ಶುರು ಮಾಡುವುದು. ನಮ್ಮ ಹಳ್ಳಿಯಲ್ಲಿ ಜಗಳ ಬಿಡಿಸುವವರು ಮಾಡುವುದೂ ಅದನ್ನೇ. ಅದೇ ಅಧ್ಯಾಯದಲ್ಲಿ ಯೇಸು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎನ್ನುತ್ತಾನೆ. ನಿಮ್ಮ ಮಗಳು ಈ ಮಾತನ್ನೇ ಹಿಡಿದಿದ್ದಾಳೆ.

ಹಾಗಾಗಿ ಆ ಭಾಗ ಇರಲಿ, ಅಲ್ಲಿಂದಲೇ ಶುರು ಮಾಡಲಿ. ಮನೆಯ ವಿಷಯ ವೇದಿಕೆಗೆ ಬೇಡ ಎಂಬ ನಿಮ್ಮ ಸಂಕಟವೂ ನ್ಯಾಯವಾದದ್ದೇ. ಅದು ನಿಮ್ಮೊಬ್ಬರ ಮನೆಯದಲ್ಲ, ಚಿಕ್ಕಪ್ಪನದೂ ಹೌದು. ಅವಳು ಅವರ ಒಪ್ಪಿಗೆ ಕೇಳಲಿ. ವಾಟ್ಸ್ಆ್ಯಪ್‌ನಲ್ಲಿ ಬೇಡ, ಫೋನ್ ಮಾಡಿ ಪೂರ್ತಿ ಓದಿ ಹೇಳಲಿ. ಅವರು ಬೇಡ ಎಂದರೆ ಬಿಟ್ಟುಬಿಡಲಿ.

ಮೂರು ವರ್ಷದಿಂದ ಅವರ ಮನೆಯ ಹೊಸ್ತಿಲು ತುಳಿದಿಲ್ಲ ಎಂದು ಬರೆದಿದ್ದೀರಿ. ಅವಳ ಫೋನ್ ಬರುವ ಹೊತ್ತಿಗೆ ನೀವೂ ಅಲ್ಲಿಗೆ ಹೋಗಿ ಕೂತಿರಿ.