ಕಿಟ್ ಮೊದಲೋ, ತರಬೇತಿ ಮೊದಲೋ?

ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆಯ ಕಿಟ್ ಇದ್ದರೆ ಸಾಕಾ, ತರಬೇತಿಯೂ ಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಒಂದೇ ಸಾಧ್ಯ ಅಂದರೆ ತರಬೇತಿಯನ್ನೇ ಆರಿಸಿಕೊಳ್ಳಿ. ಯಾರೋ ಕುಸಿದು ಬಿದ್ದಿದ್ದಾರೆ, ಎಚ್ಚರವಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದುಕೊಳ್ಳಿ. ಆಂಬುಲೆನ್ಸ್ ಕರೆಸಿ, ತಡಮಾಡದೆ ಎದೆ ಒತ್ತಲು ಶುರು ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳ. ಓದುವಾಗ ಸುಲಭ ಅನ್ನಿಸುತ್ತದೆ, ಅಲ್ವಾ? ತರಬೇತಿಯಲ್ಲಿ ಕೊಡುವ ಮನುಷ್ಯಾಕಾರದ ಬೊಂಬೆಯ ಮೇಲೆ ಒತ್ತಿ ನೋಡಿದಾಗಲೇ ಗೊತ್ತಾಗುವುದು, ಎಷ್ಟು ಬಲ ಬೇಕು, ಎರಡೇ ನಿಮಿಷಕ್ಕೆ ತೋಳು ಹೇಗೆ ಸೋಲುತ್ತದೆ ಅಂತ.

ಕಿಟ್ ಚಿಕ್ಕದಿದ್ದರೂ ನಡೆಯುತ್ತದೆ. ಗ್ಲೌಸ್, ಗಾಜ್ ಬಟ್ಟೆ (ಗಾಯದ ಮೇಲೆ ಇಡುವ ತೆಳು ಬಟ್ಟೆ), ಸುತ್ತುವ ಬ್ಯಾಂಡೇಜ್, ಟೇಪ್, ಕತ್ತರಿ. ಗ್ಲೌಸ್ ಎಲ್ಲಕ್ಕಿಂತ ಮೇಲಿರಲಿ, ಮೊದಲು ಕೈಗೆ ಸಿಗಬೇಕಾದದ್ದು ಅದೇ. ರಕ್ತ ಜಾಸ್ತಿ ಸುರಿಯುತ್ತಿದ್ದರೆ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ಪದೇ ಪದೇ ಎತ್ತಿ ನೋಡಬೇಡಿ. ಸುಟ್ಟರೆ ಮುಲಾಮು ಹುಡುಕುತ್ತಾ ಕೂರಬೇಡಿ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಕಲಿತದ್ದು ಕೆಲವೇ ತಿಂಗಳಲ್ಲಿ ಮರೆಯತೊಡಗುತ್ತದೆ. ವರ್ಷಕ್ಕೊಮ್ಮೆಯಾದರೂ ಮತ್ತೆ ಅಭ್ಯಾಸ ಮಾಡಿ. ಕಿಟ್‌ನಲ್ಲಿರುವುದರ ಎಕ್ಸ್‌ಪೈರಿ ದಿನಾಂಕವನ್ನೂ ಆಗಲೇ ನೋಡಿಬಿಡಿ.