ಗಾಡಿ ಬಿಸಿಯಾದ ತಕ್ಷಣ ವಾಟರ್ ಪಂಪ್ ಬದಲಿಸಬೇಕಾ?

ಬಿಸಿಲು ಏರಿದ ಹಾಗೆ ಗಾಡಿಯ ಪಂಪುಗಳ ಪ್ರಶ್ನೆಗಳೂ ಜಾಸ್ತಿ ಬರುತ್ತಿವೆ. ಈ ಸಲ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನದು ಹಳೆಯ ಪೆಟ್ರೋಲ್ ಕಾರು. ಸೊಲ್ಲಾಪುರ ಹೈವೇಗೆ ಹತ್ತಿದರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತದೆ. ಊರೊಳಗೆ ಅಷ್ಟು ತೊಂದರೆ ಇಲ್ಲ. ನಮ್ಮ ಮಿಸ್ತ್ರಿ ಬಾನೆಟ್ ಎತ್ತದೆಯೇ ‘ವಾಟರ್ ಪಂಪ್ ಹೋಗಿದೆ, ಹೊಸದು ಹಾಕೋಣ’ ಎಂದರು. ಅದು ಎಲ್ಲಿರುತ್ತದೆ? ನಾನೇ ನೋಡಿ ತಿಳಿಯಬಹುದಾ?
— ವಿಜಯಪುರದ ಓದುಗರು

ಉತ್ತರ: ಖಂಡಿತ ತಿಳಿಯಬಹುದು. ಎಂಜಿನ್ ತಂಪಾಗಿಡುವ ದ್ರವವನ್ನು, ಅಂದರೆ ಕೂಲಂಟನ್ನು, ಎಂಜಿನ್ನಿಗೂ ರೇಡಿಯೇಟರಿಗೂ ತಿರುಗಿಸುವುದೇ ಈ ಪಂಪಿನ ಕೆಲಸ. ಹೊಸ ಪಂಪಿಗೆ ದುಡ್ಡು ಕೊಡುವ ಮುಂಚೆ ನೋಡಲೇಬೇಕು.

ಎಂಜಿನ್ನಿನ ಬೆಲ್ಟ್ ಓಡುವ ಬದಿ ಯಾವುದು ನೋಡಿ. ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಎಲ್ಲ ಅಲ್ಲೇ ಇರುತ್ತವೆ. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ನಿನಲ್ಲಿ ವಾಟರ್ ಪಂಪಿನ ಪುಲ್ಲಿಯೂ ಇದೇ ಹೊರಗಿನ ಬೆಲ್ಟಿನಲ್ಲಿ ತಿರುಗುತ್ತದೆ, ಟಾರ್ಚ್ ಹಾಕಿದರೆ ಕಾಣುತ್ತದೆ. ಡಸ್ಟರ್ ಡೀಸೆಲ್‌ನಂಥ ಗಾಡಿಗಳಲ್ಲಿ ಪಂಪನ್ನು ಓಡಿಸುವುದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್, ವಾಲ್ವುಗಳ ಓಟವನ್ನು ಹೊಂದಿಸಿ ಇಡುವ ಬೆಲ್ಟ್. ಅದು ಕವರಿನ ಒಳಗಿರುತ್ತದೆ, ಮನೆಯಲ್ಲಿ ನೋಡಲು ಆಗುವುದಿಲ್ಲ. ಅಂಥ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವಾಗಲೇ ವಾಟರ್ ಪಂಪನ್ನೂ ಬದಲಿಸಿಬಿಡಿ. ಪಂಪ್ ಜಾಮ್ ಆಗಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚುವ ಖರ್ಚು ಬೇರೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಮುಚ್ಚಳ ತಿರುಗಿಸಿದ ಕೂಡಲೇ ಕುದಿಯುತ್ತಾ ಮುಖಕ್ಕೆ ಚಿಮ್ಮುತ್ತದೆ.

ಪಂಪಿನ ಪುಲ್ಲಿಯ ಹಿಂದೆ, ಕೆಳಮುಖವಾಗಿ ಒಂದು ಸಣ್ಣ ತೂತು ಇರುತ್ತದೆ. ಕಂಪನಿಯವರು ಬೇಕೆಂದೇ ಬಿಟ್ಟದ್ದು. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ಹೋಗದೆ ಇಲ್ಲಿಂದ ಹೊರಗೆ ಬರಲಿ ಎಂದು. ಹೊಸ ಪಂಪಿನಲ್ಲೂ ಒಮ್ಮೊಮ್ಮೆ ಇಲ್ಲಿ ಸ್ವಲ್ಪ ಕಲೆ ಕಾಣುತ್ತದೆ, ಅದಕ್ಕೆ ಹೆದರಬೇಡಿ. ಆದರೆ ತೂತಿನಿಂದ ಕೆಳಗೆ ಹಸಿರು ಅಥವಾ ಗುಲಾಬಿ ಬಣ್ಣದ ಗೆರೆ ಇಳಿದು, ಅಂಚಿನಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದರೆ ಸೀಲ್ ಹೋಗಿದೆ ಎಂದೇ ಅರ್ಥ. ಹತ್ತಿರ ಹೋದರೆ ಸಿಹಿ ಸಿಹಿ ವಾಸನೆಯೂ ಬರುತ್ತದೆ. ಅಂಗಳದಲ್ಲಿ ಕೂಲಂಟ್ ಸೋರಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ರುಚಿಗೆ ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ, ಅದು ವಿಷ.

ಎರಡನೆಯದು ಶಬ್ದ. ಬೆಲ್ಟ್ ಸಡಿಲಾದರೆ ‘ಕೀಂಯ್’ ಎಂದು ಕಿರುಚುತ್ತದೆ. ಬೇರಿಂಗ್ ಹೋದರೆ ‘ಗರಗರ’ ಎನ್ನುತ್ತದೆ, ರೇಸ್ ಮಾಡಿದ ಹಾಗೆ ಜಾಸ್ತಿ ಆಗುತ್ತದೆ. ಅನುಮಾನ ಇದ್ದರೆ ಎಂಜಿನ್ ಆಫ್ ಮಾಡಿಸಿ, ಬೆಲ್ಟ್ ತೆಗೆಸಿ, ಪುಲ್ಲಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಪಂಪ್ ಹೋಗಿದೆ. ಗಟ್ಟಿಯಾಗಿದ್ದು ಮೆತ್ತಗೆ ತಿರುಗಿದರೆ ಕನಿಷ್ಠ ಬೇರಿಂಗ್ ಚೆನ್ನಾಗಿದೆ.

ಈಗ ನಿಮ್ಮ ಗಾಡಿಯ ವಿಷಯ. ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಹೈವೇಯಲ್ಲಿ ತಣ್ಣಗಾಗುವ ಗಾಡಿಯಾದರೆ ಮೊದಲು ಫ್ಯಾನ್ ನೋಡಿ ಎನ್ನುತ್ತಿದ್ದೆ. ನಿಮ್ಮದು ಉಲ್ಟಾ. ಹೈವೇ ವೇಗದಲ್ಲಿ ಗಾಳಿ ಚೆನ್ನಾಗಿ ಹೊಡೆಯುತ್ತದೆ, ಆದರೂ ಬಿಸಿಯಾಗುತ್ತಿದೆ. ಅಂದರೆ ನೀರು ಸಾಕಷ್ಟು ತಿರುಗುತ್ತಿಲ್ಲ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಪೂರ್ತಿ ತೆರೆಯದಿದ್ದರೂ ಹೀಗೇ ಆಗುತ್ತದೆ, ಅದು ಪಂಪಿಗಿಂತ ಅಗ್ಗದ ಸಾಮಾನು. ಮೊದಲು ಕೂಲಂಟ್ ಮಟ್ಟ, ಆಮೇಲೆ ಥರ್ಮೋಸ್ಟಾಟ್, ರೇಡಿಯೇಟರ್ ನೋಡಿಸಿ. ತೂತಿನಿಂದ ಸೋರಿಕೆಯಾಗಲಿ, ಗರಗರ ಶಬ್ದವಾಗಲಿ ಇಲ್ಲದಿದ್ದರೆ, ಇವೆಲ್ಲ ಸರಿ ಇವೆ ಎಂದು ಖಚಿತವಾದ ಮೇಲೆಯೇ ಪಂಪ್ ಬಿಚ್ಚಿಸಿ. ಒಳಗೆ ನೀರು ತಳ್ಳುವ ರೆಕ್ಕೆ ತುಕ್ಕು ತಿಂದು ಸವೆದಿರಬಹುದು. ಅದು ಹೊರಗಿನಿಂದ ಕಾಣುವುದಿಲ್ಲ.

ರೆಕ್ಕೆ ಯಾಕೆ ಸವೆಯುತ್ತದೆ ಗೊತ್ತಾ? ಬೋರ್ ನೀರು. ವಿಜಯಪುರ, ಬಾಗಲಕೋಟೆ ಕಡೆ ಬೋರ್ ನೀರು ಎಷ್ಟು ಗಡಸು ಎಂದು ನಿಮ್ಮ ಮನೆಯ ಗೀಸರ್ ಬಿಚ್ಚಿದವರನ್ನು ಕೇಳಿ. ಅದೇ ಬಿಳಿ ಹಕ್ಕಳೆ ರೇಡಿಯೇಟರಿನ ನಳಿಗೆಗಳಲ್ಲೂ ಕೂರುತ್ತದೆ. ಸುಮ್ನೆ ನೀರು ಹಾಕಿದರೆ ತುಕ್ಕು ತಡೆಯುವ ರಾಸಾಯನಿಕವೂ ಇರುವುದಿಲ್ಲ, ಪಂಪಿನ ಸೀಲಿಗೂ ಪೆಟ್ಟು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ. ರೆಡಿ ಮಿಕ್ಸ್ ಸಿಕ್ಕರೆ ಹಾಗೇ ಹಾಕಿ. ದಾರಿಯಲ್ಲಿ ಅನಿವಾರ್ಯವಾಗಿ ಢಾಬಾದ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಪೂರ್ತಿ ತೆಗೆಸಿ ಹೊಸದು ತುಂಬಿಸಿ.

ಇನ್ನೊಂದು ಮಾತು. ಹೈವೇಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ. ಮೇ ತಿಂಗಳಲ್ಲಿ ಹಿಂಸೆಯೇ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಬರುತ್ತದೆ, ಪಕ್ಕಕ್ಕೆ ನಿಲ್ಲಿಸುವಷ್ಟು ಸಮಯ ಸಿಗುತ್ತದೆ. ಮುಳ್ಳು ಕೆಂಪು ಮುಟ್ಟಿದರೆ ‘ಇನ್ನೇನು ಊರು ಬಂತು’ ಎಂದು ಓಡಿಸಬೇಡಿ. ಪಂಪಿನ ಖರ್ಚಿನಲ್ಲಿ ಮುಗಿಯುವುದು ಹೆಡ್ ಗ್ಯಾಸ್ಕೆಟ್ಟಿಗೆ (ಹೆಡ್ಡಿನ ಕೆಳಗಿನ ಸೀಲ್) ಹೋಗುತ್ತದೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರು ಮಧ್ಯಾಹ್ನ ಬಿಸಿಲಲ್ಲಿ ನಿಂತ ಮೇಲೆ ಸೆಲ್ಫ್ ಹೊಡೆದರೂ ಬೇಗ ಸ್ಟಾರ್ಟ್ ಆಗುವುದಿಲ್ಲ. ಓವರ್‌ಟೇಕ್ ಮಾಡುವಾಗ ಜಗ್ಗುತ್ತದೆ. ಫ್ಯೂಯೆಲ್ ಪಂಪಾ?
— ಮುಧೋಳದ ಓದುಗರು

ಉತ್ತರ: ಇರಬಹುದು. ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಈ ಪಂಪ್ ಟ್ಯಾಂಕಿನ ಒಳಗೇ, ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಟ್ಯಾಂಕ್ ಹಿಂದಿನ ಸೀಟಿನ ಕೆಳಗೆ. ಕಾರ್ಬುರೇಟರ್ ಕಾಲದ ಗಾಡಿಗಳಲ್ಲಿ ಮಾತ್ರ ಅದು ಎಂಜಿನ್ನಿನ ಪಕ್ಕದಲ್ಲಿ ಕಾಣುತ್ತಿತ್ತು.

ರೇಡಿಯೋ, ಬ್ಲೋವರ್ ಆಫ್ ಮಾಡಿ. ಕೀ ‘ಆನ್’ಗೆ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಸುಮಾರು 2 ಸೆಕೆಂಡ್ ‘ಗುಂಯ್’ ಎಂದು ಸಣ್ಣ ಶಬ್ದ ಬರಬೇಕು. ಬರಲೇ ಇಲ್ಲ ಎಂದರೆ ಮೊದಲು ಫ್ಯೂಸ್, ರಿಲೇ ನೋಡಿಸಿ. ಶಬ್ದ ಬಂದರೂ ಎಳೆತ ಇಲ್ಲ ಎಂದರೆ ಗೇಜ್ ಹಾಕಿ ಒತ್ತಡ ಅಳೆಸಿ. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ ಗಾಡಿಗಳಲ್ಲಿ 3ರಿಂದ 4 ಬಾರ್ ಇರುತ್ತದೆ. ಒತ್ತಡ ಕಡಿಮೆ ಇದ್ದರೆ ಪಂಪಿಗಿಂತ ಮುಂಚೆ ಫಿಲ್ಟರ್, ಪಂಪಿನ ತಳದ ಜಾಳಿಗೆ ನೋಡಬೇಕು. ನಿಮ್ಮ ಸುತ್ತಮುತ್ತಲಿನ ಸಕ್ಕರೆ ಕಾರ್ಖಾನೆಗಳು ತಯಾರಿಸುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಸೇರಿ ಬರುತ್ತದೆ. ಹಳೆಯ ಟ್ಯಾಂಕಿನ ತಳದ ಕೆಸರನ್ನು ಅದು ಸಡಿಲಿಸಬಹುದು. ಆಗ ಜಾಳಿಗೆ ಕಟ್ಟಿಕೊಳ್ಳುತ್ತದೆ.

ಯಾವಾಗಲೂ ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಇದ್ದರೆ ಬಿಡಿ. ಪಂಪನ್ನು ತಂಪಾಗಿ ಇಡುವುದು ಸುತ್ತಲಿನ ಪೆಟ್ರೋಲೇ. ಬೇಸಿಗೆಯಲ್ಲಿ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು.

ಪ್ರಶ್ನೆ: ಡೀಸೆಲ್ ಗಾಡಿ. ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನಲ್ಲಿ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಬ್ರೇಕ್ ಶೂ ಹೊಸದು ಹಾಕಿಸಿದೆ, ಆದರೂ ಹಾಗೇ ಇದೆ.
— ಬೆಳಗಾವಿಯ ಓದುಗರು

ಉತ್ತರ: ಗಾಡಿಯನ್ನು ಘಾಟಿಗೆ ಒಯ್ಯುವುದನ್ನು ಇಂದೇ ನಿಲ್ಲಿಸಿ. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ (ಪೆಡಲ್ ಹಗುರ ಮಾಡುವ ಭಾಗ) ಬೇಕಾದಷ್ಟು ವ್ಯಾಕ್ಯೂಮ್, ಅಂದರೆ ಗಾಳಿಯ ಎಳೆತ, ತಾನಾಗಿ ಸಿಗುವುದಿಲ್ಲ. ಅದಕ್ಕೆಂದೇ ಒಂದು ವ್ಯಾಕ್ಯೂಮ್ ಪಂಪ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಸಿಲಿಂಡರ್ ಹೆಡ್ಡಿನ ಒಂದು ತುದಿಯಲ್ಲಿ, ಕೆಲವದರಲ್ಲಿ ಆಲ್ಟರ್ನೇಟರ್ ಬೆನ್ನಿಗೆ. ಅಲ್ಲಿಂದ ಒಂದು ದಪ್ಪ ರಬ್ಬರ್ ಪೈಪ್ ಬೂಸ್ಟರಿಗೆ ಹೋಗಿರುತ್ತದೆ.

ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಬೇಕು. ಜಾರದಿದ್ದರೆ ಪೈಪ್ ಒಡೆದಿದೆ, ಇಲ್ಲವೇ ಬೂಸ್ಟರ್ ಅಥವಾ ಪಂಪ್ ಹೋಗಿದೆ. ಪೈಪ್ ಮೊದಲು ನೋಡಿಸಿ.

ಪ್ರಶ್ನೆ: ಕಬ್ಬಿನ ಹೊಲದ ದಾರಿಯಲ್ಲಿ ಗಾಡಿಯ ತಳ ಕಲ್ಲಿಗೆ ತಾಗಿತು. ಆಯಿಲ್ ಸೋರಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಸರಿ ಇದೆ. ಆದರೆ ಆಗಿನಿಂದ ಕೆಂಪು ಆಯಿಲ್ ದೀಪ ಆಗಾಗ ಹೊತ್ತುತ್ತದೆ.
— ಜಮಖಂಡಿಯ ಓದುಗರು

ಉತ್ತರ: ಆಯಿಲ್ ಪಂಪ್ ಎಂಜಿನ್ನಿನ ಒಳಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಆದರೆ ಅದರ ಹೀರುವ ಕೊಳವೆ, ಜಾಳಿಗೆ ಎರಡೂ ಸಂಪಿನ (ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ) ತಳಕ್ಕೆ ಬಹಳ ಹತ್ತಿರ ಇರುತ್ತವೆ. ಸಂಪ್ ಒಳಕ್ಕೆ ತಗ್ಗಿದ್ದರೆ ಜಾಳಿಗೆಯ ಬಾಯಿ ಮುಚ್ಚಿ, ಆಯಿಲ್ ಇದ್ದೂ ಪಂಪಿಗೆ ಸಿಗುವುದಿಲ್ಲ. ಆ ಕೆಂಪು ದೀಪ ಹೇಳುವುದು ಒತ್ತಡದ ಮಾತು, ಮಟ್ಟದ್ದಲ್ಲ. ಸೆನ್ಸರ್ ಕೆಟ್ಟಿರಲೂಬಹುದು, ಆದರೆ ಗೇಜ್ ಹಾಕಿ ಒತ್ತಡ ನೋಡುವವರೆಗೆ ಹಾಗೆ ಅಂದುಕೊಳ್ಳಬೇಡಿ. ಗಾಡಿಯನ್ನು ಸ್ಟಾರ್ಟ್ ಮಾಡದೆ, ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ ಸಂಪ್ ಇಳಿಸಿ ನೋಡಿಸಿ.