ಕೆನ್ನೆಯ ಪೆಟ್ಟು ಮತ್ತು ಜರ್ಮನಿಯ ಪ್ರೈವೇಟ್ ಇನ್ಶೂರೆನ್ಸ್

ಮುಂದಿನ ತಿಂಗಳು ಮ್ಯೂನಿಕ್‌ಗೆ ಹೊರಟಿದ್ದೀರಿ, ಬೈಕಿಂದ ಬಿದ್ದು ಕೆನ್ನೆ ನೀಲಿಗಟ್ಟಿದೆ, ಬೆಂಗಳೂರಲ್ಲಿ ಡಾಕ್ಟರಿಗೆ ತೋರಿಸಿದ್ದನ್ನು ಅಲ್ಲಿನ ಪ್ರೈವೇಟ್ ಆರೋಗ್ಯ ಇನ್ಶೂರೆನ್ಸ್ ಅರ್ಜಿಯಲ್ಲಿ ಬರೆಯಬೇಕಾ ಅಂತ ಕೇಳಿದ್ದೀರಿ.

ಬರೆಯಿರಿ. ವಾರ ಹತ್ತು ದಿನದಲ್ಲಿ ಹಳದಿಯಾಗಿ ಮಾಯವಾಗುವ ಪೆಟ್ಟಿಗೆ ಸಾಮಾನ್ಯವಾಗಿ ಯಾರೂ ಕಂತು ಏರಿಸುವುದಿಲ್ಲ. ಅವರು ನೋಡುವುದು ಡಾಕ್ಟರ್ ಏನು ಬರೆದಿದ್ದಾರೆ ಅಂತ. ನಾನು ಇಲ್ಲಿ ಜರ್ಮನಿಯಲ್ಲಿ ಒಂದು ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಿದ್ದೆ, ಹುಬ್ಬಿನ ಮೇಲೆ ಬುಗುಟು ಎದ್ದಿತ್ತು, ಸ್ವಲ್ಪ ತಲೆ ಸುತ್ತುತ್ತಿದೆ ಅಂತ ಸುಮ್ನೆ ಹೇಳಿದ್ದಕ್ಕೆ ಡಾಕ್ಟರ್ 'ಮಿದುಳಿಗೆ ಪೆಟ್ಟಿನ ಅನುಮಾನ' ಅಂತ ಫೈಲಲ್ಲಿ ಬರೆದುಕೊಂಡಿದ್ದರು. ಎರಡು ವರ್ಷ ಬಿಟ್ಟು ಪ್ರೈವೇಟ್‌ಗೆ ಅರ್ಜಿ ಹಾಕಿದಾಗ ಅದು ಎದ್ದು ಬಂತು. ತಲೆನೋವು ಬರುತ್ತಾ, ಸ್ಕ್ಯಾನ್ ಆಗಿದೆಯಾ ಅಂತ ಎರಡು ಪುಟ ಪ್ರಶ್ನೆ! ವಾಸಿಯಾಗಿದೆ ಅಂತ ಪತ್ರ ಬರೆಸಿಕೊಂಡು ಕಳಿಸುವಷ್ಟರಲ್ಲಿ ಆರು ವಾರ ಹೋಯಿತು.

ನಿಮ್ಮ ಚೀಟಿಯನ್ನು ಈಗಲೇ ತೆಗೆದು ನೋಡಿ. ನಮ್ಮ ಡಾಕ್ಟರುಗಳು ಪ್ರಶ್ನೆ ಚಿಹ್ನೆ ಹಾಕಿ ಪಕ್ಕದಲ್ಲಿ 'ಹೆಡ್ ಇಂಜುರಿ' ಅಂತ ಗೀಚಿಬಿಡುತ್ತಾರೆ ಅಲ್ವಾ, ಹಾಗೇನಾದರೂ ಇದ್ದರೆ ಅದೇ ತಲೆನೋವು.

ಊರಲ್ಲಿ ತೋರಿಸಿದ್ದು ಅವರಿಗೆ ಹೇಗೆ ಗೊತ್ತಾಗುತ್ತೆ ಅಂತ ಮುಚ್ಚಿಡಲು ಹೋಗಬೇಡಿ. ಸಾಮಾನ್ಯವಾಗಿ ಹಿಂದಿನ 3 ವರ್ಷದ ಡಾಕ್ಟರ್ ಭೇಟಿ, 5 ವರ್ಷದ ಆಸ್ಪತ್ರೆ ವಾಸ ಕೇಳುತ್ತಾರೆ, ಯಾವ ದೇಶದ್ದಾದರೂ ಹೇಳಲೇಬೇಕು. ಬೇಕೆಂದೇ ಮೋಸ ಮಾಡಿದ್ದು ಅಂತಾದರೆ 10 ವರ್ಷದವರೆಗೂ ಪಾಲಿಸಿಯನ್ನೇ ರದ್ದು ಮಾಡಬಹುದು. ಅನುಮಾನ ಇದ್ದರೆ ಮಾಕ್ಲರ್ ಹತ್ತಿರ, ಅಂದರೆ ಇನ್ಶೂರೆನ್ಸ್ ದಲ್ಲಾಳಿ ಹತ್ತಿರ, ನಿಮ್ಮ ಹೆಸರು ಹೇಳದೆ ಮೊದಲು ಕಂಪನಿಗಳನ್ನು ವಿಚಾರಿಸಿ ಅನ್ನಿ. ಇಲ್ಲಿ ಅದು ಮಾಮೂಲು.

ಇನ್ನೊಂದು ಮಾತು. ಸಂಬಳಕ್ಕೆ ದುಡಿಯುವವರಲ್ಲಿ, 2025ರಲ್ಲಿ ವರ್ಷಕ್ಕೆ 73,800 ಯೂರೋಗಿಂತ ಜಾಸ್ತಿ ಸಂಬಳ ಇದ್ದವರಿಗೆ ಮಾತ್ರ ಪ್ರೈವೇಟ್ ಬಾಗಿಲು ತೆರೆದಿತ್ತು, ಈ ಮೊತ್ತ ವರ್ಷಕ್ಕೊಮ್ಮೆ ಬದಲಾಗುತ್ತದೆ. ಕಾಸ್ಸೆಯಲ್ಲಿ, ಅಂದರೆ ಸಾರ್ವಜನಿಕ ಆರೋಗ್ಯ ಇನ್ಶೂರೆನ್ಸಿನಲ್ಲಿ, ದುಡಿಯದ ಹೆಂಡತಿ, ಮಕ್ಕಳಿಗೆ ಬೇರೆ ಕಂತಿಲ್ಲ. ಪ್ರೈವೇಟಲ್ಲಿ ತಲೆಗೊಂದು ಕಂತು. ಕೆನ್ನೆಗಿಂತ ಮೊದಲು ಆ ಲೆಕ್ಕ ಹಾಕಿ.

ಹೊರಡುವ ಮೊದಲು ಅದೇ ಡಾಕ್ಟರ ಹತ್ತಿರ ಹೋಗಿ, ಅವರ ಲೆಟರ್‌ಹೆಡ್ ಮೇಲೆ, ಇಂಗ್ಲಿಷಿನಲ್ಲಿ, ಪೂರ್ತಿ ವಾಸಿಯಾಗಿದೆ ಅಂತ ನಾಲ್ಕು ಸಾಲು ಬರೆಸಿ ಸೀಲ್ ಹಾಕಿಸಿಕೊಳ್ಳಿ. ಇಲ್ಲಿಂದ ಫೋನ್ ಮಾಡಿ ತರಿಸಿಕೊಳ್ಳುವುದು ದೊಡ್ಡ ರಗಳೆ.